ಗಂಡಸರಿಗೆ ಎಳೆದ ಗೆರೆ

ಹುಲಿಗೆಮ್ಮ ಒದ್ದೆ ಬಟ್ಟೆ ಹಿಂಡಿ, ಮುಂದೆ ಚಾಚಿದ್ದ ಕೈಯನ್ನು ಮೊಣಕೈಯಿಂದ ಮಣಿಕಟ್ಟಿನವರೆಗೆ ಒರೆಸಿದಳು. ಎಣ್ಣೆಯ ಜಿಡ್ಡು, ರೊಟ್ಟಿಯ ಹಿಟ್ಟು, ಒಲೆಯ ಬೂದಿ, ಏನಿದ್ದರೂ ಹೋಗಬೇಕು. ಬಳೆಗಳನ್ನು ಮೇಲಕ್ಕೆ ಸರಿಸಿ ಸದ್ದಾಗದಂತೆ ದಾರ ಕಟ್ಟಬೇಕು. ಆ ಕೈ ಸರಿಯಿತು, ಇನ್ನೊಂದು ಕೈ ಬಂತು. ಅದನ್ನೂ ಒರೆಸಿದಳು. ಯಾರೂ ಮಾತಾಡಲಿಲ್ಲ. ಮಾತಾಡಿದರೆ ನಾಡಿ ಓಡುತ್ತದೆ, ಅಳತೆ ಕೆಡುತ್ತದೆ ಎಂದು ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಿದ್ದರು. ಸೀರೆಯ ಮೇಲೆ ಗಂಡಂದಿರ ತುಂಬುತೋಳಿನ ಅಂಗಿ ತೊಟ್ಟು ತಲೆಗೆ ವಸ್ತ್ರ ಸುತ್ತಿಕೊಂಡ ಹೆಂಗಸರು ಗುಡಿಯಲ್ಲಿ ನಿಂತಂತೆ ಸುಮ್ಮನೆ ಸಾಲಾಗಿ ನಿಂತಿದ್ದರು.

ಒರೆಸಿದ ಕೈಯನ್ನು ಪರದೆಯ ತೂತಿನೊಳಗೆ ತೂರಿಸಬೇಕು. ಆಚೆ ಬದಿಯಲ್ಲಿ ಕುಳಿತ ಕಂಪನಿಯ ಅಳತೆಗಾರ ದೇಸಾಯಿ ಅದಕ್ಕೆ ಎರಡು ಪಟ್ಟಿ ಬಿಗಿಯುತ್ತಿದ್ದ. ಕೊರಳಲ್ಲಿ ನೇತಾಡುವ ಬಿಲ್ಲೆಯನ್ನು ಕಳಚಿ ತಟ್ಟೆಗೆ ಹಾಕಿದರೆ ಕೈ ಯಾರದೆಂದು ಯಂತ್ರಕ್ಕೆ ಗೊತ್ತಾಗುತ್ತಿತ್ತು. ತುಸು ಹೊತ್ತಿಗೆ ಪರದೆಯ ಮೇಲುಗಡೆ ದೀಪ ಹತ್ತುತ್ತಿತ್ತು. ಹಸಿರು ಹತ್ತಿದರೆ ಕೆಲಸ, ಕೆಂಪು ಹತ್ತಿದರೆ ಮನೆ.

ದ್ಯಾವಮ್ಮನ ಸರದಿ ಬಂತು. ದ್ಯಾವಮ್ಮ ಹುಲಿಗೆಮ್ಮನ ನೆಗೆಣ್ಣಿ, ಭಾವನ ಹೆಂಡತಿ. ಮನೆಯಲ್ಲಿ ಮಾತಿನ ಮಲ್ಲಿ ಅನ್ನಿಸಿಕೊಂಡವಳು ಇಲ್ಲಿ ಮಾತ್ರ ತುಟಿ ಬಿಗಿದುಕೊಂಡು ತನ್ನ ಬಿಲ್ಲೆಯನ್ನು ತಟ್ಟೆಗೆ ಹಾಕಿದಳು. ತೂತಿನೊಳಗೆ ಹೋದದ್ದು ಹುಲಿಗೆಮ್ಮನ ಕೈ. ದೇಸಾಯಿ ಪಟ್ಟಿ ಬಿಗಿದ, ಬಿಚ್ಚಿದ. ಹಸಿರು ಹತ್ತಿತು. ಹಿಂದೆ ನಿಂತ ಹೆಂಗಸರಲ್ಲಿ ಒಬ್ಬಳೂ ಕಣ್ಣೆತ್ತಲಿಲ್ಲ.

ಕರಡಿಬಂಡೆಯ ಬಯಲಿನಲ್ಲಿ ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಪ್ಲೇಟುಗಳು ಕಣ್ಣು ಹಾಯುವಷ್ಟು ದೂರ ಹಬ್ಬಿದ್ದವು. ಊರವರು ಅದನ್ನು ಬಿಸಿಲುಹೊಲ ಎನ್ನುತ್ತಿದ್ದರು. ಪ್ಲೇಟು ತೊಳೆಯಲು ಮೊದಲು ಯಂತ್ರಗಳಿದ್ದವು. ಅವುಗಳ ಕೀಲುಗಳಲ್ಲಿ ಕೆಂಪು ಧೂಳು ಸಿಕ್ಕಿ ಒಂದೊಂದಾಗಿ ನಿಂತವು. ಹೆಂಗಸರ ಕೀಲುಗಳಿಗೆ ಧೂಳು ಹತ್ತುವುದಿಲ್ಲವೆಂದು ಕಂಪನಿಗೆ ಅನ್ನಿಸಿರಬೇಕು. ಅಂದಿನಿಂದ ಸುತ್ತಲಿನ ಹಳ್ಳಿಗಳ ಹೆಂಗಸರೇ ಬಕೆಟ್ಟು, ರಬ್ಬರಿನ ಕೋಲು ಹಿಡಿದು ತೊಳೆಯತೊಡಗಿದರು. ಗಂಡಸರು ತಂತಿ ಎಳೆಯುವ ಕೆಲಸಕ್ಕೆ, ಜೀಪು ಓಡಿಸುವ ಕೆಲಸಕ್ಕೆ ಹೋಗುತ್ತಿದ್ದರು.

ಬೇಸಿಗೆಗಳು ವರ್ಷದಿಂದ ವರ್ಷಕ್ಕೆ ಕೆಟ್ಟು, ಬಯಲಿನಲ್ಲಿ ದುಡಿಯುವವರು ನಿಂತಲ್ಲೇ ಬಿದ್ದು ಸಾಯತೊಡಗಿದ ಮೇಲೆ ಸರ್ಕಾರ ಬಿಸಿಲು ಕಾಯ್ದೆ ತಂದಿತು. ಬಿಸಿಲಿಗೆ ಇಳಿಯುವ ಪ್ರತಿಯೊಬ್ಬರ ರಕ್ತನಾಳವನ್ನು ಪ್ರತಿದಿನ ಬೆಳಿಗ್ಗೆ ಅಳೆಯಬೇಕು ಎಂದಿತು. ಕಾಯ್ದೆಯ ಉದ್ದೇಶ ಒಳ್ಳೆಯದೇ ಇತ್ತು. ಮೈ ಬಿಸಿಯೇರಿದಾಗ ನಾಳಗಳು ಅಗಲವಾಗಿ, ರಕ್ತವನ್ನು ಚರ್ಮದ ಕಡೆಗೆ ಹರಿಸಿ, ಒಳಗಿನ ಬಿಸಿಯನ್ನು ಹೊರಗೆ ಹಾಕಬೇಕು. ಬಿಗಿದುಕೊಂಡ ನಾಳಕ್ಕೆ ಅದು ಕಷ್ಟ. ನಾಳ ಬಿಗಿದಿದೆಯೋ ಇಲ್ಲವೋ ತಿಳಿಯಲು ಅದನ್ನು ಕತ್ತರಿಸಿ ನೋಡಬೇಕಾಗಿಲ್ಲ. ಹೃದಯ ಒಮ್ಮೆ ಬಡಿದರೆ ನಾಳದ ಗೋಡೆಯಗುಂಟ ಒಂದು ಅಲೆ ಓಡುತ್ತದೆ. ಬಟ್ಟೆ ಒಣಹಾಕುವ ಹಗ್ಗವನ್ನು ಬಿಗಿಯಾಗಿ ಕಟ್ಟಿ ಈ ತುದಿಗೆ ತಟ್ಟಿದರೆ ಆ ತುದಿ ಕೂಡಲೇ ಅದುರುತ್ತದೆ. ಜೋಲು ಬಿಟ್ಟರೆ ನಿಧಾನವಾಗಿ ಅಲ್ಲಾಡುತ್ತದೆ. ನಾಳವೂ ಹಾಗೆಯೇ. ಮೇಲಿನ ಪಟ್ಟಿಯಿಂದ ಕೆಳಗಿನ ಪಟ್ಟಿಗೆ ಅಲೆ ಎಷ್ಟು ಬೇಗ ಬಂತೆಂದು ಯಂತ್ರ ನೋಡುತ್ತಿತ್ತು. ಗೊತ್ತುಮಾಡಿದ ಒಂದು ಗೆರೆಗಿಂತ ಬೇಗ ಬಂದರೆ ಕೆಂಪು.

ಒಂದು ತಿಂಗಳಲ್ಲಿ ಮೂರು ಸಲ ಕೆಂಪು ಬಂದವರ ಬಿಲ್ಲೆಯನ್ನು ಆ ವರ್ಷದ ಮಟ್ಟಿಗೆ ಕಿತ್ತುಕೊಳ್ಳುತ್ತಿದ್ದರು.

ಮೊದಲ ತಿಂಗಳಲ್ಲೇ ಹೆಂಗಸರ ಸಾಲು ಅರ್ಧವಾಯಿತು. ಗಂಡಸರ ಕಡೆ ಹಿಂದಿನ ದಿನ ಕುಡಿದು ಬಂದವನಿಗೂ ಹಸಿರು. ಹೆಂಗಸರಿಗೆ ಇವತ್ತು ಹಸಿರು, ನಾಳೆ ಹಸಿರು, ಆಮೇಲೆ ಒಮ್ಮೆಲೇ ಮೂರು ನಾಲ್ಕು ದಿನ ಕೆಂಪು. ಮುಟ್ಟಾಗಿ ಹೊರಗಾಗುವುದಕ್ಕೆ ಮುಂಚಿನ ದಿನಗಳಲ್ಲೇ ಹೀಗಾಗುತ್ತದೆ ಎಂಬುದು ಪಾಯಖಾನೆಯ ಹಿಂದೆ ನಿಂತು ಅತ್ತವರು ತಮ್ಮ ತಮ್ಮ ದಿನ ಹೇಳಿಕೊಂಡಾಗ ಬಯಲಾಯಿತು. ಏಕೆಂದು ಯಾರಿಗೂ ಗೊತ್ತಿರಲಿಲ್ಲ. ಮೇಸ್ತ್ರಿ ಕೆಂಚಪ್ಪನಿಗೆ ಹೇಳೋಣವೆಂದರೆ ಅಂಥ ಮಾತನ್ನು ಗಂಡಸಿನ ಮುಂದೆ ಬಾಯಿ ಬಿಟ್ಟು ಹೇಳುವ ಹೆಂಗಸು ಆ ಸೀಮೆಯಲ್ಲಿ ಇರಲಿಲ್ಲ. ಪರದೆ ಬಂದದ್ದೂ ಅದೇ ನಾಚಿಕೆಯಿಂದ. ಪರಗಂಡಸಿನ ಕೈಗೆ ಸೊಸೆಯಂದಿರು ದಿನಾ ಕೈ ಕೊಡುವುದೆಂದರೇನು ಎಂದು ಊರಿನ ಅತ್ತೆಯರು ಗದ್ದಲ ಹಾಕಿದಾಗ ಕಂಪನಿ ಒಂದು ದಪ್ಪ ಬಟ್ಟೆ ತಂದು ನಡುವೆ ಇಳಿಬಿಟ್ಟು ತೂತು ಹಾಕಿಸಿತು. ಆ ತೂತೇ ಸೊಸೆಯಂದಿರ ದಾರಿಯಾಯಿತು. ಕೆಂಪಿನ ದಿನಗಳವಳ ಬಿಲ್ಲೆ ತಟ್ಟೆಗೆ, ಹಸಿರಿನ ದಿನಗಳವಳ ಕೈ ಒಳಗೆ. ಅದಕ್ಕೆ ಕೈಗಡ ಎಂದು ಹೆಸರಿಟ್ಟವಳು ದ್ಯಾವಮ್ಮ. ಇವತ್ತು ನೀನು ಕೊಡು, ಅಮಾವಾಸ್ಯೆ ದಾಟಲಿ, ನಾನು ತೀರಿಸುತ್ತೇನೆ ಎಂದು ನಗುತ್ತಿದ್ದಳು.

ದ್ಯಾವಮ್ಮನ ಕೈಗಡ ಮಾತ್ರ ತೀರುತ್ತಲೇ ಇರಲಿಲ್ಲ.

ಅದನ್ನು ಗಮನಿಸಿದವಳು ಹುಲಿಗೆಮ್ಮ. ಆರನೆಯ ತರಗತಿಗೆ ಶಾಲೆ ಬಿಟ್ಟವಳು, ನಾಲ್ಕು ಜನರ ಮುಂದೆ ಬಾಯಿ ಬಿಡಲು ಹಿಂಜರಿಯುವವಳು, ಕಣ್ಣು ಮಾತ್ರ ಎಲ್ಲದರ ಮೇಲೂ ಇರುತ್ತಿತ್ತು. ಯುಗಾದಿಗೆ ಮುಂಚಿನಿಂದಲೂ ದ್ಯಾವಮ್ಮ ಆಗಾಗ ಇವತ್ತು ನನ್ನದೇ ನೋಡೋಣ ಎಂದು ತನ್ನ ಕೈ ತೂರಿಸುತ್ತಿದ್ದಳು. ಕೆಂಪು ಬಂದರೆ ಇನ್ನೊಮ್ಮೆ ಅಳೆಸಿಕೊಳ್ಳಲು ಅವಕಾಶವಿತ್ತು, ಎರಡನೆಯದೇ ಲೆಕ್ಕಕ್ಕೆ ಹೋಗುತ್ತಿತ್ತು. ಅವಳದು ಯಾವಾಗ ತೂರಿಸಿದರೂ ಕೆಂಪೇ. ಎರಡನೆಯ ಸಲ ಹುಲಿಗೆಮ್ಮನ ಕೈ ಹೋಗಿ ಹಸಿರಾಗುತ್ತಿತ್ತು. ಹುಲಿಗೆಮ್ಮನೇ ಕೆಂಪಿನ ದಿನಗಳಲ್ಲಿದ್ದರೆ ಜೊತೆಗೆ ಪ್ಲೇಟು ತೊಳೆಯುವ ಖಾಜಾಬಿಯ ಕೈ. ದ್ಯಾವಮ್ಮನಿಗೆ ಈಗೀಗ ಎರಡು ತಿಂಗಳಿಗೊಮ್ಮೆ ಮುಟ್ಟು ಬರುತ್ತಿತ್ತು, ಬಂದರೆ ಹದಿನೈದು ದಿನ ನಿಲ್ಲುತ್ತಿರಲಿಲ್ಲ. ರೊಟ್ಟಿ ಬಡಿಯುತ್ತ ಕುಳಿತವಳು ನಡುವೆ ಕೈ ನಿಲ್ಲಿಸಿ ನೆತ್ತಿ ಒತ್ತಿಕೊಳ್ಳುತ್ತಿದ್ದಳು.

ಒಂದು ಸಂಜೆ ಹುಲಿಗೆಮ್ಮ ಕೇಳಿಯೇಬಿಟ್ಟಳು. "ಅಕ್ಕ, ನಮಗೆಲ್ಲಾ ನಾಕ ದಿನ ಕೆಂಪ ಬಂದು ಹೋಗತೈತಿ. ನಿನಗ ಹೋಗವಲ್ದು. ಒಮ್ಮೆ ದವಾಖಾನಿಗೆ ತೋರಿಸೂಣು."

"ಆ ಪಟ್ಟಿಗೆ ಹೆಣ್ಣಿನ ಕೈ ಕಂಡ್ರ ಸಿಟ್ಟು ಹುಲಿಗಿ. ಕೆಂಪ ಕಾರತೈತಿ," ಎಂದಳು ದ್ಯಾವಮ್ಮ. "ನಿಮ್ಮ ಮ್ಯಾಲೆ ನಾಕ ದಿನದ ಸಿಟ್ಟು, ನಾ ಹಳೇ ಹೆಂಡತಿ, ನನ್ನ ಮ್ಯಾಲೆ ತಿಂಗಳ ಪೂರ್ತಿ."

ಬಾಗಿಲಲ್ಲಿ ಕುಳಿತಿದ್ದ ಭಾವ ಕೂಡ ನಕ್ಕ. ಆ ಮಾತು ಅಲ್ಲಿಗೆ ಮುಗಿಯಿತು.

ಬೆಳಗಿನ ಅಳತೆ ಮುಗಿದ ಮೇಲೆ ನಿಯಂತ್ರಣ ಕೋಣೆಯ ನೆಲ ಒರೆಸಿ ಚಹಾ ಕೊಡುವುದು ಹುಲಿಗೆಮ್ಮನ ಕೆಲಸ. ಆ ತಂಪು ಕೋಣೆಯಲ್ಲಿ ಗೋಡೆಯಗಲದ ತೆರೆಗಳು, ಅವುಗಳ ಮೇಲೆ ಓಡುವ ಗೆರೆಗಳು. ಪಟ್ಟಿಯನ್ನು ಕಂಡುಹಿಡಿದ ಸಂಸ್ಥೆಯಿಂದ ಡಾಕ್ಟರ್ ಉತ್ತರಾ ಎಂಬುವರು ಬಂದಿದ್ದರು. ಹೆಂಗಸೇ. ಕಾಟನ್ ಸೀರೆ, ಕೊರಳಿಗೆ ಸಣ್ಣ ಸರ, ಮೆಲುದನಿ. ಕಸಬರಿಗೆ ಹಿಡಿದವಳಿಗೂ ನೀವು ಎನ್ನುತ್ತಿದ್ದರು. ಹುಲಿಗೆಮ್ಮನಿಗೆ ಅವರನ್ನು ನೋಡಿ ಖುಷಿಯಾಯಿತು. ಇವರಿಗಾದರೆ ಆ ವಿಷಯ ಹೇಳಬಹುದೇನೋ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತ ಚಹಾ ಬಗ್ಗಿಸಿದಳು.

ಉತ್ತರಾ ತೆರೆಯ ಕಡೆಗೆ ಬೆರಳು ಮಾಡಿ ದೇಸಾಯಿಗೆ ಏನನ್ನೋ ತೋರಿಸುತ್ತಿದ್ದರು. ಕರಡಿಬಂಡೆಯ ಹೆಂಗಸರ ಗೆರೆ ಸಪಾಟಾಗಿತ್ತು. ತಿಂಗಳಿಗೊಮ್ಮೆ ಏರಬೇಕಾದದ್ದು ಏರಿಯೇ ಇರಲಿಲ್ಲ. ಬಿಸಿಲಿಗೆ ಒಗ್ಗಿದ ಹೆಂಗಸರ ನಾಳಗಳ ಮೇಲೆ ಮುಟ್ಟಿನ ಪ್ರಭಾವ ಅಳಿಸಿಹೋಗುತ್ತದೆ ಎಂದು ತಾವು ಬರೆಯಲಿರುವುದಾಗಿ, ಇದು ದೊಡ್ಡ ವಿಷಯವೆಂದು ಅವರು ಹೇಳುತ್ತಿದ್ದರು. ಹಾಗಾದರೆ ಬೇರೆ ಕಡೆ ಏರುತ್ತದೆಯೇ ಎಂದು ದೇಸಾಯಿ ಕೇಳಿದ.

"ಏರದೇ ಏನು? ತಿಂಗಳ ನಡುವೆ ಅಂಡಾಶಯದ ಹಾರ್ಮೋನು ಹೆಚ್ಚಿರುತ್ತೆ, ನಾಳ ಮೆದುವಾಗಿರುತ್ತೆ. ಮುಟ್ಟಿಗೆ ಮುಂಚೆ ಅದು ಇಳಿಯುತ್ತೆ, ನಾಳ ಸ್ವಲ್ಪ ಬಿಗಿಯುತ್ತೆ. ಬಹಳ ಜನರಿಗೆ ಅದರಿಂದ ಏನೂ ಅಪಾಯವಿಲ್ಲ," ಎಂದರು ಉತ್ತರಾ. "ಗೆರೆ ಹಾಕುವಾಗ ಹೆಂಗಸರನ್ನೂ ಸೇರಿಸಿ ನೋಡಿದ್ದೆವು. ಲೆಕ್ಕ ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ಅದಕ್ಕೇ ಅವರನ್ನು ಬಿಟ್ಟು ಗಂಡಸರಿಗೆ ಗೆರೆ ಹಾಕಿದೆವು. ಅವರದು ಒಂದೇ ಸಮ ಇರುತ್ತಲ್ಲ."

ಹುಲಿಗೆಮ್ಮನ ಕೈಯಲ್ಲಿದ್ದ ಕೆಟಲಿಯಿಂದ ಚಹಾ ಬಸಿಯ ತುಂಬ ತುಳುಕಿತು. ಪರವಾಗಿಲ್ಲ ಬಿಡಿ ಎಂದು ಉತ್ತರಾ ನಕ್ಕು, ನಿಮ್ಮ ಊರಿನ ಹೆಂಗಸರು ಗಟ್ಟಿಗರು ಎಂದು ಹೊಗಳಿದರು. ಹುಲಿಗೆಮ್ಮ ಮೇಜು ಒರೆಸಿದಳು. ಗೊತ್ತಿಲ್ಲದೆ ಮಾಡಿದ್ದಾರೆ, ಹೇಳಿದರೆ ತಿದ್ದುತ್ತಾರೆ ಎಂದುಕೊಂಡಿದ್ದಳು. ಇವರಿಗೆ ಎಲ್ಲಾ ಗೊತ್ತಿತ್ತು. ಗೊತ್ತಿದ್ದೂ, ಲೆಕ್ಕಕ್ಕೆ ತೊಡಕಾಯಿತೆಂದು ಹೆಣ್ಣಿನ ಮೈಯನ್ನು ಅಕ್ಕಿಯೊಳಗಿನ ಕಲ್ಲಿನಂತೆ ಆರಿಸಿ ಎಸೆದಿದ್ದರು. ಎಸೆದ ಮೇಲೆ ಅದೇ ಗೆರೆಯನ್ನು ತಂದು ಹೆಣ್ಣಿನ ಕೈಗೆ ಬಿಗಿದಿದ್ದರು. ತಮಗೂ ಅಂಥದೇ ಮೈ ಇದೆ ಎಂಬುದನ್ನು ಈ ತಾಯಿ ಯಾವ ಬಾಗಿಲಿನ ಹೊರಗೆ ಬಿಟ್ಟು ಒಳಗೆ ಬಂದಿದ್ದಾರೋ ಎಂದು ಅವಳಿಗೆ ಅರ್ಥವಾಗಲಿಲ್ಲ.

ಮನೆಗೆ ಬಂದು ಎಲ್ಲವನ್ನೂ ದ್ಯಾವಮ್ಮನ ಮುಂದೆ ಸುರಿದಳು. ದ್ಯಾವಮ್ಮ ಈ ಸಲ ನಗಲಿಲ್ಲ. ಒಲೆಯೊಳಗಿನ ಕಟ್ಟಿಗೆಯನ್ನು ಹಿಂದಕ್ಕೆ ಎಳೆದಳು.

"ಗೊತ್ತಿತ್ತಾ ಅವರಿಗೆ?"

"ಹೂಂ ಅಕ್ಕ."

"ಅಂದ್ರ ನಮ್ಮ ಕೆಂಪು ಸುಳ್ಳು ಅಂತ ಅವರೇ ಒಪ್ಪಿದಂಗಾತು." ದ್ಯಾವಮ್ಮ ಎದ್ದು ಸೆರಗು ಕೊಡವಿದಳು. "ಇನ್ನ ಮ್ಯಾಲೆ ದವಾಖಾನಿ ಮಾತು ತಗೀಬ್ಯಾಡ ನೀ. ಹೆಣ್ಣಾಗಿ ಹುಟ್ಟಿದ್ದಕ್ಕ ಔಷಧ ಕೊಡ್ತಾರೇನು ಅಲ್ಲಿ?"

ನಾಲ್ಕು ದಿನದ ಕೆಂಪು ಬೇರೆ, ತಿಂಗಳು ಪೂರ್ತಿಯ ಕೆಂಪು ಬೇರೆ ಎಂದು ಹುಲಿಗೆಮ್ಮನ ಒಳಗೆ ಯಾವುದೋ ಮುಳ್ಳು ಚುಚ್ಚುತ್ತಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದವನ ಮಾತಿನಲ್ಲಿ ಯಾವುದನ್ನು ನಂಬುವುದು, ಯಾವುದನ್ನು ಬಿಡುವುದು? ಮರುದಿನ ಬೆಳಿಗ್ಗೆ ಮತ್ತೆ ತನ್ನ ಕೈಯನ್ನೇ ಕೊಟ್ಟಳು. ಅದರ ಮರುದಿನವೂ ಕೊಟ್ಟಳು.

ಆ ವಾರದ ಕೊನೆಯಲ್ಲಿ, ಹೊತ್ತು ನೆತ್ತಿಗೆ ಬರುವ ಮುಂಚೆ, ಮಜ್ಜಿಗೆಯ ಕೊಡ ಹೊತ್ತು ಪ್ಲೇಟುಗಳ ಸಾಲಿನಲ್ಲಿ ಹೋಗುತ್ತಿದ್ದ ಹುಲಿಗೆಮ್ಮನಿಗೆ ದ್ಯಾವಮ್ಮ ಒಂದೇ ಪ್ಲೇಟನ್ನು ಮತ್ತೆ ಮತ್ತೆ ಒರೆಸುತ್ತಿರುವುದು ಕಂಡಿತು. ಅದರಲ್ಲೂ ಬಲಗಡೆಯ ಅರ್ಧ ಮಾತ್ರ. ಎಡಗಡೆ ಧೂಳು ಹಾಗೇ ಇತ್ತು. ಅಕ್ಕಾ ಎಂದು ಕೂಗಿದರೆ ದ್ಯಾವಮ್ಮ ತಿರುಗಿ ಏನೋ ಅಂದಳು, ಬಾಯಲ್ಲಿ ತುತ್ತು ಇಟ್ಟುಕೊಂಡು ಮಾತಾಡಿದಂತೆ. ಆಮೇಲೆ ಪ್ಲೇಟಿನ ಕಂಬಕ್ಕೆ ಒರಗಿ ಹಾಗೇ ಕುಸಿದಳು.

ಕೆಂಚಪ್ಪ ಜೀಪು ತಂದ. ಬಾಯಿ ಒರಟಾದರೂ ಮನುಷ್ಯ ಕೆಟ್ಟವನಲ್ಲ. ದ್ಯಾವಮ್ಮನನ್ನು ತಾನೇ ಎತ್ತಿ ಮಲಗಿಸಿ, ದಾರಿಯುದ್ದಕ್ಕೂ ಹಾರ್ನು ಬಿಡದೆ ಓಡಿಸಿದ.

ತಾಲೂಕು ಆಸ್ಪತ್ರೆಯಲ್ಲಿ ಡಾಕ್ಟರ್ ನಸ್ರೀನ್ ಎಂಬ ಸಣ್ಣ ವಯಸ್ಸಿನ ಹೆಂಗಸು ಕೆಲಸದಲ್ಲಿದ್ದಳು. ಬಿಸಿಲಿಗೆ ಬಿದ್ದವರು ಆ ದಿನ ಆಗಲೇ ಬಹಳ ಜನ ಬಂದಿದ್ದರು, ವರಾಂಡದಲ್ಲೂ ಹಾಸಿಗೆ ಹಾಕಿದ್ದರು. ಬಿಸಿಲುಹೊಲದ ಬಿಲ್ಲೆ ಕಂಡ ಕೂಡಲೇ ಅದನ್ನು ಯಂತ್ರಕ್ಕೆ ತೋರಿಸಿ ತೆರೆ ನೋಡಿದಳು. ತಿಂಗಳುಗಟ್ಟಲೆ ಹಸಿರು. ಇವತ್ತು ಬೆಳಿಗ್ಗೆಯೂ ಹಸಿರು. ಹದಿಹರೆಯದವರ ಹಾಗಿದೆ ಇವರ ನಾಳ ಎಂದಳು. ರಕ್ತದೊತ್ತಡ ಏರಿದ್ದು ಗಾಬರಿಗೆ ಇರಬೇಕು, ನಾಲಗೆ ತೊದಲುವುದು ಬಿಸಿಲಿಗೆ ಎಂದು ನರ್ಸಿಗೆ ಹೇಳಿ, ಮೈಗೆ ಮಂಜುಗಡ್ಡೆ ಇಡಿಸಿ, ಎರಡೂ ಕೈಗೆ ಸಲೈನ್ ಏರಿಸಿ ಜೋರಾಗಿ ಬಿಡಿಸಿದಳು.

ಬಾಟಲಿಗಳು ಇಳಿಯುತ್ತಿದ್ದವು. ದ್ಯಾವಮ್ಮನ ಉಸಿರು ಸುಧಾರಿಸುವ ಬದಲು ಗೊರಗೊರ ಎನ್ನತೊಡಗಿತು.

ಹುಲಿಗೆಮ್ಮ ಬಾಗಿಲ ಕಡೆ ನೋಡಿದಳು. ಕೆಂಚಪ್ಪ ನಿಂತಿದ್ದ. ಅವನ ಹೆಂಡತಿಯೂ ಪ್ಲೇಟು ತೊಳೆಯುವವಳೇ, ಅವಳೂ ಕೈಗಡದವಳೇ, ಅವಳಿಂದ ಅವನಿಗೂ ತಿಳಿದಿತ್ತು. ಅವನು ತಲೆಯನ್ನು ಬಹಳ ಸಣ್ಣಗೆ ಅಲ್ಲಾಡಿಸಿದ. ಬೇಡ. ಆ ಒಂದು ಮಾತು ಹೊರಬಿದ್ದರೆ ಊರಿನ ಅಷ್ಟೂ ಬಿಲ್ಲೆಗಳು ಹೋಗುತ್ತವೆ, ಅಷ್ಟೂ ಒಲೆಗಳು ತಣ್ಣಗಾಗುತ್ತವೆ. ಅದು ಅವಳಿಗೂ ಗೊತ್ತಿತ್ತು. ದ್ಯಾವಮ್ಮನ ತುಟಿಯ ಅಂಚಿನಲ್ಲಿ ನೊರೆ ಕಾಣಿಸಿತು.

"ಡಾಕ್ಟರಮ್ಮ," ಎಂದಳು ಹುಲಿಗೆಮ್ಮ. ಇನ್ನೊಮ್ಮೆ ಕರೆದಳು. "ಡಾಕ್ಟರಮ್ಮ, ಆ ನಾಡಿ ಆಕಿದಲ್ರಿ. ನಂದು."

ನಸ್ರೀನ್ ತಿರುಗಿ ನೋಡಿದಳು. "ಇವತ್ತಿಂದಾ?"

"ದಿನಾಲೂ ರೀ. ಆಕಿದು ಯಾವಾಗಲೂ ಕೆಂಪ ಬರತಿತ್ರಿ."

ಡಾಕ್ಟರು ತಾನೇ ಓಡಿ ಎರಡೂ ಸಲೈನಿನ ಕೀಲಿ ತಿರುವಿದಳು. ಮಂಜುಗಡ್ಡೆ ತೆಗೆಸಿ, ಮಂಚದ ತಲೆಗಡೆ ಎತ್ತಿಸಿ, ಬೇರೆ ಸೂಜಿಮದ್ದು ಕೂಗಿ ತರಿಸಿ, ತಲೆಯ ಚಿತ್ರ ತೆಗೆಸಲು ದೊಡ್ಡ ಆಸ್ಪತ್ರೆಗೆ ಗಾಡಿ ಹೇಳಿದಳು. ಬಿಗಿದು ದಣಿದ ಹೃದಯಕ್ಕೆ ಅಷ್ಟೊಂದು ನೀರು ತುಂಬಿಸಿದರೆ ಶ್ವಾಸಕೋಶ ಮುಳುಗುತ್ತದೆ, ಇನ್ನೊಂದು ಬಾಟಲಿ ಇಳಿದಿದ್ದರೆ ಕೈಮೀರುತ್ತಿತ್ತು ಎಂದು ಆಮೇಲೆ ಬೈದಳು. ನೀವೇ ಕೊಲ್ಲುತ್ತಿದ್ದಿರಲ್ಲ ಎಂದಳು. ಹುಲಿಗೆಮ್ಮ ಗೋಡೆಗೆ ಆತು ನಿಂತು ಗೆರೆಯ ಕಥೆಯನ್ನು ಹೇಳುತ್ತ ಹೋದಂತೆ ಬೈಗುಳ ನಿಂತಿತು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಾಳಗಳನ್ನು ಮೆದುವಾಗಿಟ್ಟ ಹಾರ್ಮೋನು ಶಾಶ್ವತವಾಗಿ ಇಳಿಯುತ್ತದೆ, ರಕ್ತದೊತ್ತಡವೂ ಸೇರಿಕೊಂಡರೆ ನಾಳ ಬಿಗಿಯುತ್ತಲೇ ಹೋಗುತ್ತದೆ ಎಂದು ನಸ್ರೀನ್ ಮೆಲ್ಲಗೆ ವಿವರಿಸಿದಳು.

"ನಿಮ್ಮಕ್ಕನ ಕೆಂಪು ನಿಜದ ಕೆಂಪು ಆಗಿತ್ತು," ಎಂದಳು.

"ನಮಗ ಹೆಂಗ ಗೊತ್ತಾಗಬೇಕ್ರಿ?" ಹುಲಿಗೆಮ್ಮ ಜೀವಮಾನದಲ್ಲಿ ಮೊದಲ ಸಲ ಓದಿದವರೊಬ್ಬರ ಕಣ್ಣಿಗೆ ಕಣ್ಣಿಟ್ಟು ಕೇಳಿದಳು. "ಎಲ್ಲರಿಗೂ ಸುಳ್ಳು ಕೆಂಪ ತೋರಿಸಿ, ಒಬ್ಬಾಕಿಗೆ ಖರೇ ತೋರಿಸಿದ್ರ?"

ದ್ಯಾವಮ್ಮ ಬದುಕಿದಳು. ಲಕ್ವ ಹೊಡೆದ ಎಡಗೈ ಏಳಲಿಲ್ಲ. ಮಾತು ಬಂತು, ಆದರೆ ಮೊದಲಿನ ಹಾಗೆ ಚುರುಕಾಗಿ ಅಲ್ಲ, ಕಲ್ಲು ಹಾಸಿದ ದಾರಿಯಲ್ಲಿ ಚಕ್ಕಡಿ ಹೋದಂತೆ ತಡೆತಡೆದು. ಹುಲಿಗೆಮ್ಮ ಅವಳ ತಲೆ ಬಾಚುವಾಗ, ನೀ ಕೊಟ್ಟ ಕೈಗಡ ತೀರಿಸಲು ಈಗ ಒಂದೇ ಕೈ ಉಳೀತಲ್ಲ ಎಂದು ಅವಳೇ ನಗಲು ನೋಡಿದಳು. ಹುಲಿಗೆಮ್ಮ ಹಣಿಗೆ ಕೆಳಗಿಟ್ಟಳು. ಆಸ್ಪತ್ರೆಯಿಂದ ಕೈಗಡದ ಸುದ್ದಿ ಕಂಪನಿಗೆ ಮುಟ್ಟಿತ್ತು. ಅವಳು ಬಾವಿಯ ಹತ್ತಿರ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಒಬ್ಬಾಕೆ ಉಳಿದಳು, ನಾವೆಲ್ಲಾ ಬೀದಿಗೆ ಬಿದ್ದೆವು ಎಂದು ಖಾಜಾಬಿ ಮುಖದ ಮೇಲೆಯೇ ಅಂದಳು. ಅಂದವಳೇ ಸಂಜೆ ದ್ಯಾವಮ್ಮನಿಗೆಂದು ಗಂಜಿ ಮಾಡಿ ತಂದು ಬಾಗಿಲಲ್ಲಿಟ್ಟು, ಒಳಗೆ ಬಾರದೆ ಹೋದಳು.

ವಿಚಾರಣೆಯನ್ನು ಊಟದ ಶೆಡ್ಡಿನಲ್ಲಿ ಇಟ್ಟರು. ಮೇಜಿನ ಆಚೆ ಮ್ಯಾನೇಜರ್ ಶ್ಯಾನಭಾಗ, ದೇಸಾಯಿ, ಡಾಕ್ಟರ್ ಉತ್ತರಾ. ಈಚೆ ನೆಲದ ಮೇಲೆ ಹೆಂಗಸರು. ಶ್ಯಾನಭಾಗ ಬೈಯಲಿಲ್ಲ, ಅದಕ್ಕಿಂತ ಕೆಟ್ಟದಾಗಿ ಕನಿಕರದ ದನಿಯಲ್ಲಿ ಮಾತಾಡಿದ. ನಿಮ್ಮ ಪ್ರಾಣ ಕಾಯಲೆಂದೇ ತಂದ ಯಂತ್ರಕ್ಕೆ ನೀವೇ ಮೋಸ ಮಾಡಿದಿರಿ, ಒಬ್ಬ ಸಹೋದರಿಯ ಈ ಗತಿಗೆ ನೀವೇ ಕಾರಣ ಎಂದ. ಯಂತ್ರದಲ್ಲಿ ತಪ್ಪಿಲ್ಲ, ಅದು ಆಕೆಗೆ ಸರಿಯಾಗಿಯೇ ಕೆಂಪು ತೋರಿಸಿತ್ತು ಎಂಬುದನ್ನು ಎರಡು ಸಲ ಹೇಳಿದ. ನಾಳೆಯಿಂದ ಪರದೆ ಇರುವುದಿಲ್ಲ. ಕೈ ಕೊಟ್ಟವರ, ಪಡೆದವರ ಬಿಲ್ಲೆಗಳು ರದ್ದು. ಹೊಸಬರನ್ನು ಬೇರೆ ಹಳ್ಳಿಗಳಿಂದ ತರಲಾಗುತ್ತದೆ.

ಆಮೇಲೆ ಉತ್ತರಾ ಎದ್ದರು. ಅವರ ಮುಖ ಬಾಡಿತ್ತು. ಎಷ್ಟೋ ತಿಂಗಳ ಅಳತೆ ಕೆಟ್ಟುಹೋಯಿತು, ಬರೆದದ್ದನ್ನೆಲ್ಲ ಹರಿದು ಹಾಕಬೇಕಾಯಿತು ಎಂದರು. ಹೆಂಗಸರ ಅಳತೆಗಳನ್ನು ನಂಬುವಂತಿಲ್ಲವಾದ್ದರಿಂದ ಮುಂದಿನ ಲೆಕ್ಕಗಳಿಂದಲೂ ಅವುಗಳನ್ನು ಕೈಬಿಡಲು ಸಂಸ್ಥೆ ತೀರ್ಮಾನಿಸಿದೆ ಎಂದರು. ಗೆರೆ ಇದ್ದಲ್ಲೇ ಇರುತ್ತದೆ.

ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಶ್ಯಾನಭಾಗ ವಾಡಿಕೆಗೆ ಕೇಳಿ, ಏಳಲು ಕುರ್ಚಿ ಹಿಂದಕ್ಕೆ ಸರಿಸಿದ. ಹೆಂಗಸರು ತಲೆ ತಗ್ಗಿಸಿದ್ದರು. ಹುಲಿಗೆಮ್ಮ ಎದ್ದು ನಿಂತಳು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಹೇಳಬೇಕಾದದ್ದು ರಾಶಿಯಿತ್ತು. ಕಳ್ಳಿಯರಾಗಲು ನಾವು ಬಂದಿರಲಿಲ್ಲ, ಕಳ್ಳಿಯರಾಗದೆ ಒಳಗೆ ಬರಲು ನೀವು ದಾರಿ ಬಿಟ್ಟಿರಲಿಲ್ಲ. ನಮ್ಮ ಮೈ ಏರಿಳಿಯುವುದು ನಿಮಗೆ ಗೊತ್ತಿತ್ತು, ಹಾಗೆ ಏರಿಳಿಯುವ ಮೈಯಿಂದಲೇ ನೀವೂ ಹುಟ್ಟಿದ್ದೀರಿ. ಅದೆಲ್ಲ ಬಾಯಿಗೆ ಬರಲಿಲ್ಲ. ಮ್ಯಾನೇಜರನನ್ನು ಬಿಟ್ಟು ಅವಳು ಉತ್ತರಾ ಅವರನ್ನೇ ನೋಡಿದಳು.

"ಮೇಡಂ, ಒಂದು ತಿಂಗಳ ನಮ್ಮ ಕೈ ನಾವ ಕೊಡ್ತೀವ್ರಿ. ಕೆಂಪ ಬಂದ್ರೂ ಹೊರಗ ಹಾಕಬ್ಯಾಡ್ರಿ, ಬರೇ ಅಳೀರಿ. ಅಳದು, ನಮಗೂ ಒಂದು ಗೆರಿ ಹಾಕ್ರಿ."

ಶೆಡ್ಡಿನ ತಗಡು ಬಿಸಿಲಿಗೆ ಚಟಚಟ ಎನ್ನುತ್ತಿತ್ತು. ದೇಸಾಯಿ ತೆರೆ ಆರಿಸಿ ವೈರು ಸುತ್ತತೊಡಗಿದ. ಉತ್ತರಾ ಮೇಜಿನ ಮೇಲಿದ್ದ ತಮ್ಮ ಎರಡೂ ಕೈಗಳನ್ನು ಒಮ್ಮೆ ನೋಡಿ ಮಡಿಲಿಗೆ ಎಳೆದುಕೊಂಡರು. ಹುಲಿಗೆಮ್ಮ ಕುಳಿತುಕೊಳ್ಳಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಈ ಸಲ ತುಸು ದೊಡ್ಡದಾಗಿ ಹೇಳಿದಳು.

"ನಮ್ಮನ್ನೂ ಅಳೀರಿ, ಮೇಡಂ."